ಹೌದಪ್ಪ ‘ಆಗಲ್ಲ’ ಅಂದದ್ದು

ಬಡಾವಣೆಯ ನಾಲ್ಕು ರಸ್ತೆಗಳು ಕೂಡುವ ಮೂಲೆಯಲ್ಲಿ ಒಂದು ಕಟಿಂಗ್ ಶಾಪು. ಎರಡು ಕುರ್ಚಿ, ಗೋಡೆಯಗಲ ಕನ್ನಡಿ, ಕಾಯುವವರಿಗೆ ಒಂದು ಬೆಂಚು, ಬೆಂಚಿನ ತುದಿಯಲ್ಲಿ ಹಳೇ ಪತ್ರಿಕೆಗಳ ರಾಶಿ. ಅಂಗಡಿಯಾತನಿಗೆ ಐವತ್ತರ ಆಸುಪಾಸು. ಹೆತ್ತವರು ಇಟ್ಟ ಹೆಸರು ಒಂದಿತ್ತು, ಆದರೆ ಅದು ಕರೆಂಟ್ ಬಿಲ್ಲಿನ ಮೇಲೆ ಬಿಟ್ಟರೆ ಬೇರೆಲ್ಲೂ ಓಡಾಡುತ್ತಿರಲಿಲ್ಲ. ಎಲ್ಲರಿಗೂ ಅವನು ಹೌದಪ್ಪ.

ಆ ಹೆಸರು ಸುಮ್ಮನೆ ಬಂದದ್ದಲ್ಲ. ಕುರ್ಚಿಯಲ್ಲಿ ಕೂತವರು ಏನೇ ಹೇಳಲಿ, ಕತ್ತರಿಯ ಕಚಕಚದ ನಡುವೆಯೇ “ಹೌದು, ಹೌದಪ್ಪ” ಎಂದು ಅವನ ಬಾಯಿಂದ ಬರುತ್ತಿತ್ತು. ಬೆಳಿಗ್ಗೆ ಮನೆ ಮಾಲೀಕ ಬಂದು ಬಾಡಿಗೆಯವನಿಗೆ ಮಾನ ಮರ್ಯಾದೆ ಇಲ್ಲ ಎಂದರೆ ಹೌದು. ಮಧ್ಯಾಹ್ನ ಅದೇ ಬಾಡಿಗೆಯವನು ಬಂದು ಮಾಲೀಕ ಬೇಕೆಂದೇ ನೀರು ನಿಲ್ಲಿಸ್ತಾನೆ ಎಂದರೆ ಅದೂ ಹೌದು. ಇಬ್ಬರೂ ಮನಸ್ಸು ಹಗುರ ಮಾಡಿಕೊಂಡು ಎದ್ದು ಹೋಗುತ್ತಿದ್ದರು. ಇದರಲ್ಲಿ ಕಪಟವೇನೂ ಇರಲಿಲ್ಲ. ಮಾತಾಡುವವರ ಮುಖವನ್ನು ಕನ್ನಡಿಯಲ್ಲಿ ನೋಡುತ್ತ ನಿಂತರೆ, ಆ ಹೊತ್ತಿಗೆ ಅವರು ಹೇಳುವುದೇ ಸರಿ ಎಂದು ಅವನಿಗೆ ನಿಜವಾಗಿಯೂ ಅನ್ನಿಸುತ್ತಿತ್ತು. ಮೇಲಾಗಿ ಕಸುಬು ಕಲಿಸುವಾಗಲೇ ಅವನ ತಂದೆ ಎಚ್ಚರಿಸಿದ್ದರು: “ಗಿರಾಕಿ ಗಂಟಲ ಮೇಲೆ ಕತ್ತಿ ಇಟ್ಕೊಂಡು ವಾದ ಮಾಡ್ಬೇಡ. ಅವನು ಅಲ್ಲ ಅಂತ ತಲೆ ಅಲ್ಲಾಡಿಸಿದ್ರೆ ಗಾಯ ಆಗುತ್ತೆ.”

ಹೆಂಡತಿ ಇದಕ್ಕೆ ತದ್ವಿರುದ್ಧ. ಅವಳಿಗೆ ವಿದ್ಯುತ್ ಕಚೇರಿಯ ದೂರು ಕೌಂಟರಿನಲ್ಲಿ ಕೆಲಸ. “ಇವತ್ತು ಆಗಲ್ಲ”, “ಅದು ಈ ಕೌಂಟರ್ ಅಲ್ಲ”, “ಸಾಹೇಬ್ರು ಇಲ್ಲ” ಎಂದು ದಿನವಿಡೀ ಹೇಳುವುದಕ್ಕೇ ಅವಳಿಗೆ ಸಂಬಳ ಎಂದು ಹೌದಪ್ಪ ತಮಾಷೆ ಮಾಡುತ್ತಿದ್ದ. “ನಮ್ಮಿಬ್ಬರನ್ನೂ ಕೂಡಿಸಿದ್ರೆ ಒಬ್ಬ ಸರಿಯಾದ ಮನುಷ್ಯ ಆಗ್ತಾನೆ” ಎಂದು ಅವಳೂ ನಗುತ್ತಿದ್ದಳು. ಮಗಳು ಮದುವೆಯಾಗಿ ಪಕ್ಕದ ಬಡಾವಣೆಯಲ್ಲೇ ಇದ್ದಳು, ವಾರಕ್ಕೊಮ್ಮೆ ಮಗುವನ್ನು ಎತ್ತಿಕೊಂಡು ಬರುತ್ತಿದ್ದಳು. ಸಂಸಾರ ಒಟ್ಟಾರೆ ಚೆನ್ನಾಗಿಯೇ ಸಾಗಿತ್ತು.

ಅಂಗಡಿ ಮುಂದಿನ ಆ ಚೌಕದಲ್ಲಿ ಮಾತ್ರ ಆಗಾಗ ಕಿರಿಕಿರಿ. ದಿಬ್ಬದ ಕಡೆಯಿಂದ ಒಂದು ಅಗಲ ರಸ್ತೆ ಇಳಿದು ಬರುತ್ತದೆ, ಅದಕ್ಕೆ ಅಡ್ಡಲಾಗಿ ಒಂದು ಸಣ್ಣ ರಸ್ತೆ. ಬ್ರೇಕಿನ ಕೀರಲು, ಅದರ ಹಿಂದೆಯೇ ಎರಡು ಬೈಗುಳ, ಆಮೇಲೆ ಎಲ್ಲರೂ ಅವರವರ ದಾರಿ. ಇದು ದಿನದ ಮಾತಾಗಿ ಹೋಗಿತ್ತು.

ಒಂದು ಬೆಳಿಗ್ಗೆ ಅಷ್ಟಕ್ಕೇ ನಿಲ್ಲಲಿಲ್ಲ. ಬ್ಯಾಂಕಿನಿಂದ ನಿವೃತ್ತರಾದ ಮ್ಯಾನೇಜರು ಕುರ್ಚಿಯಲ್ಲಿದ್ದರು, ಒಂದು ಕೆನ್ನೆ ಆಗಿತ್ತು, ಇನ್ನೊಂದರ ಮೇಲೆ ಸೋಪಿನ ನೊರೆ. ಹೊರಗೆ ದಢಾರ್ ಎಂದಿತು. ಇಬ್ಬರೂ ಓಡಿದರು. ಇಡೀ ಬಡಾವಣೆಯ ಅರ್ಧ ಮಕ್ಕಳಿಗೆ ಲೆಕ್ಕ ಕಲಿಸಿದ್ದ ಟೀಚರಮ್ಮ ರಸ್ತೆಯಲ್ಲಿ ಬಿದ್ದಿದ್ದರು. ಸಾಮಾನು ತಲುಪಿಸುವ ಸ್ಕೂಟರಿನವನು ಆಚೆ ಬಿದ್ದು, ಎದ್ದು, ನಡುಗುತ್ತ ನಿಂತಿದ್ದ. ಟೀಚರಮ್ಮನ ಕನ್ನಡಕ ಚೂರಾಗಿತ್ತು, ಬಲಗೈ ಮಣಿಕಟ್ಟು ಕಣ್ಣೆದುರೇ ಊದುತ್ತಿತ್ತು. ಹೌದಪ್ಪ ಅವರನ್ನು ಮೆಲ್ಲಗೆ ಎಬ್ಬಿಸಿ ತನ್ನ ಬೆಂಚಿನ ಮೇಲೆ ಕೂರಿಸಿ, ತಣ್ಣೀರಿನ ಟವೆಲ್ಲು ಸುತ್ತಿ, ಆಟೋ ಕರೆದ. ಮ್ಯಾನೇಜರು ಅರ್ಧ ನೊರೆ ಮುಖದಲ್ಲಿ, ಕುತ್ತಿಗೆಗೆ ಕಟ್ಟಿದ ಬಿಳಿ ಬಟ್ಟೆಯಲ್ಲೇ ರಸ್ತೆ ಮಧ್ಯೆ ನಿಂತು ಎರಡೂ ಕೈ ಎತ್ತಿ ಗಾಡಿಗಳನ್ನು ತಡೆದರು. ಅಷ್ಟಕ್ಕೇ ಬಿಡದೆ ಘೋಷಿಸಿಯೂ ಬಿಟ್ಟರು: “ಹಂಪ್ ಹಾಕಿಸ್ಬೇಕು. ನಾಲ್ಕೂ ಕಡೆ ಹಂಪ್!”

ಅಲ್ಲಿಂದ ಮುಂದೆ ಹೌದಪ್ಪನ ಅಂಗಡಿಯಲ್ಲಿ ಬೇರೆ ಮಾತೇ ಇಲ್ಲ.

“ಹಂಪ್ ಬಿಟ್ರೆ ಬೇರೆ ದಾರಿನೇ ಇಲ್ಲ ಕಣಯ್ಯ” ಎಂದರು ಮ್ಯಾನೇಜರು.

“ಹೌದು ಸಾರ್.”

“ಹಂಪ್ ಗಿಂಪ್ ಅಂದ್ರೆ ನನ್ನ ಗತಿ ಏನಣ್ಣ? ದಿನಾ ಗಾಡಿ ತುಂಬ ಮೊಟ್ಟೆ ತರ್ತೀನಿ” ಎಂದ ಟೆಂಪೋದವನು. “ಸಣ್ಣ ರಸ್ತೆನ ಒನ್ ವೇ ಮಾಡ್ಲಿ, ಸಾಕು.”

“ಹೌದಪ್ಪ, ಅದೂ ಸರಿ.”

ಎದುರಿನ ಕಿರಾಣಿ ಅಂಗಡಿಯವನಿಗೆ ಒನ್ ವೇ ಎಂಬ ಪದ ಕೇಳಿದರೇ ಮೈಯೆಲ್ಲ ಉರಿ. “ಒನ್ ವೇ ಮಾಡಿದ್ರೆ ನನ್ನ ಅಂಗಡಿಗೆ ಯಾರು ಸುತ್ತಿ ಬಳಸಿ ಬರ್ತಾರೆ? ಸಿಗ್ನಲ್ ದೀಪ ಹಾಕಿಸ್ಲಿ. ಊರಿಗೆಲ್ಲ ಇದೆ, ನಮಗೇನು ಬಂತು ರೋಗ?”

“ಹೌದು ಹೌದು. ದೀಪ ಇದ್ರೆ ಚೆನ್ನ.”

ಹೀಗೆ ಮೂವರೂ ಹೌದಪ್ಪ ತಮ್ಮ ಕಡೆಯವನು ಎಂದುಕೊಂಡರು. ನಗರಸಭೆಗೆ ಅರ್ಜಿ ಹೋಯಿತು. ಅಲ್ಲಿಂದ ಬಂದ ಉತ್ತರ ಇಷ್ಟು: ಏನಾದರೂ ಒಂದು ಮಾಡಿಕೊಡುತ್ತೇವೆ, ಆದರೆ ಒಂದೇ. ಮೊದಲು ನಿಮ್ಮಲ್ಲೇ ಒಬ್ಬರನ್ನು ಆರಿಸಿ, ಅವರು ನಮ್ಮ ಇಂಜಿನಿಯರ್ ಜೊತೆ ಜಾಗ ನೋಡಲಿ, ಆಮೇಲೆ ಸಭೆ ಕರೆದು ತೀರ್ಮಾನ ಮಾಡೋಣ.

ಯಾರನ್ನು ಆರಿಸುವುದು ಎಂಬಲ್ಲಿ ಜಗಳವಾಗುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದರು. ಆಗಲೇ ಇಲ್ಲ. ಮ್ಯಾನೇಜರು, ಟೆಂಪೋದವನು, ಕಿರಾಣಿಯವನು ಮೂವರೂ ಒಂದೇ ಉಸಿರಿನಲ್ಲಿ “ನಮ್ಮ ಹೌದಪ್ಪನೇ ಇರ್ಲಿ” ಎಂದರು. ಬೇರೆಯವರಿಗೆ ಈ ಒಮ್ಮತ ಕಂಡು ಆಶ್ಚರ್ಯ. ಹೌದಪ್ಪ ಬೇಡ ಎನ್ನಬೇಕೆಂದು ಬಾಯಿ ತೆರೆದ. ಬಂದದ್ದು ಮಾತ್ರ “ಆಯ್ತು, ಹೌದು, ನೋಡೋಣ.”

ಇಂಜಿನಿಯರಮ್ಮ ಬಂದದ್ದು ವಾರದ ನಡುವೆ, ಅಂಗಡಿ ಖಾಲಿ ಇರುವ ಹೊತ್ತಿನಲ್ಲಿ. ಹೌದಪ್ಪನ ಮಗಳ ವಯಸ್ಸಿನವರು, ತಲೆಗೆ ಟೋಪಿ, ಕೈಯಲ್ಲಿ ಅಳತೆಯ ಚಕ್ರ. ಕಾಫಿ ಕೊಟ್ಟರೆ ನಿಂತೇ ಕುಡಿದರು. ಆಮೇಲೆ, “ನಿಮ್ಮ ಹತ್ರ ಸ್ಕೂಟರ್ ಇದೆಯಾ? ಸಣ್ಣ ರಸ್ತೆ ಕಡೆಯಿಂದ ನಿಧಾನಕ್ಕೆ ಬನ್ನಿ. ನಾನು ಹಿಂದೆ ಕೂತ್ಕೋತೀನಿ” ಎಂದರು.

ಹೌದಪ್ಪ ಆ ದಾರಿಯಲ್ಲಿ ಸ್ಕೂಟರ್ ಓಡಿಸಲು ಶುರು ಮಾಡಿ ಎಷ್ಟೋ ವರ್ಷ. ಚೌಕ ಹತ್ತಿರವಾದಂತೆ ಎಂದಿನಂತೆ ಕುತ್ತಿಗೆ ಮುಂದೆ ಚಾಚಿದ, ಸ್ವಲ್ಪ ಮುಂದೆ, ಇನ್ನೂ ಸ್ವಲ್ಪ ಮುಂದೆ.

“ಇಲ್ಲೇ ನಿಲ್ಸಿ” ಎಂದರು ಇಂಜಿನಿಯರಮ್ಮ. “ಈಗ ದಿಬ್ಬದ ಕಡೆಯಿಂದ ಬರೋ ಗಾಡಿ ನಿಮಗೆ ಕಾಣ್ತಿದೆಯಾ?”

“ಇಲ್ಲ ಮೇಡಂ. ಇನ್ನೊಂಚೂರು ಮುಂದೆ ಹೋದ್ರೆ ಕಾಣುತ್ತೆ.”

“ನಿಮ್ಮ ಮುಂದಿನ ಚಕ್ರ ಎಲ್ಲಿದೆ ನೋಡಿ.”

ಹೌದಪ್ಪ ಬಗ್ಗಿ ನೋಡಿದ. ಚಕ್ರ ಆಗಲೇ ಅಗಲ ರಸ್ತೆಯೊಳಗೆ ಇತ್ತು. ಮೂಲೆಯಲ್ಲಿ ನಿಂತಿದ್ದ ಕಾರು, ಅದರ ಪಕ್ಕದ ಸ್ಕೂಟರುಗಳ ಸಾಲು ದಾಟಿ ನೋಡಬೇಕೆಂದರೆ ಮೊದಲು ರಸ್ತೆಗೆ ತಲೆ ಕೊಡಲೇಬೇಕು. ಇಷ್ಟು ವರ್ಷ ಅವನು ಅದನ್ನೇ ಮಾಡುತ್ತಿದ್ದ. ರಸ್ತೆ ಎಂದರೆ ಹೀಗೇ ಎಂದು ತಿಳಿದಿದ್ದ.

ಸ್ಕೂಟರ್ ಬದಿಗೆ ಹಾಕಿ ಇಬ್ಬರೂ ಫುಟ್‌ಪಾತಿನ ಮೇಲೆ ನಿಂತರು. ಇಂಜಿನಿಯರಮ್ಮ ಸೀಮೆಸುಣ್ಣದಿಂದ ನೆಲದ ಮೇಲೆ ಚೌಕದ ಚಿತ್ರ ಬರೆದರು. “ಹಂಪ್ ಹಾಕಿದ್ರೆ ಗಾಡಿ ನಿಧಾನ ಆಗುತ್ತೆ, ನಿಜ. ಆದ್ರೆ ಇಲ್ಲಿ ಕಾಯಿಲೆ ವೇಗದ್ದಲ್ಲ, ಕಣ್ಣಿಂದು. ಬರೋರು ಒಬ್ಬರಿಗೊಬ್ಬರು ಕಾಣಲ್ಲ. ನಾಲ್ಕೂ ಮೂಲೇಲಿ ಗಾಡಿ ನಿಲ್ಲಿಸೋದು ಬಿಡಿಸ್ಬೇಕು. ಬರೀ ಬೋರ್ಡ್ ಹಾಕಿದ್ರೆ ಯಾರೂ ಕೇಳಲ್ಲ, ಅದಕ್ಕೇ ಮೂಲೇಲಿ ಫುಟ್‌ಪಾತನ್ನೇ ರಸ್ತೆ ಕಡೆಗೆ ಅಗಲ ಮಾಡಿ ಗಿಡ್ಡ ಕಂಬ ನೆಡೋಣ. ದಾಟೋರು ಅಲ್ಲಿ ನಿಂತ್ರೆ ಎಲ್ಲರಿಗೂ ಕಾಣ್ತಾರೆ, ದಾಟೋ ದೂರನೂ ಕಮ್ಮಿ. ತಿರುವು ಸಣ್ಣದಾದ್ರೆ ಗಾಡಿಗಳೂ ತಾವೇ ನಿಧಾನ ಆಗ್ತವೆ. ಅರ್ಥ ಆಯ್ತಲ್ಲ?”

“ಹೌದು ಮೇಡಂ.”

“ನಿಮ್ಮ ಅಂಗಡಿ ಮುಂದೆ ಒಂದೂ ಗಾಡಿ ನಿಲ್ಲೋ ಹಾಗಿಲ್ಲ ಆಮೇಲೆ.”

“ಹೌದು ಮೇಡಂ.”

ಆಕೆ ಸೀಮೆಸುಣ್ಣ ಜೇಬಿಗೆ ಹಾಕಿಕೊಂಡು ಅವನನ್ನೇ ನೋಡಿದರು. “ಹೌದು ಅಂದ್ರೆ ಒಪ್ಪಿದೀನಿ ಅಂತಾನಾ, ಕೇಳಿಸ್ತು ಅಂತಾನಾ?”

ಅಷ್ಟು ವರ್ಷದಲ್ಲಿ ಯಾರೂ ಅವನನ್ನು ಆ ಪ್ರಶ್ನೆ ಕೇಳಿರಲಿಲ್ಲ. ಹೌದಪ್ಪ ತಲೆ ಕೆರೆದುಕೊಂಡ. “ಕೇಳಿಸ್ತು ಅಂತ, ಮೇಡಂ.”

“ಸರಿ. ಒಪ್ಪಿಗೆ ಏನು ಅಂತ ಭಾನುವಾರ ಸಭೇಲಿ ಹೇಳಿ” ಎಂದು ನಕ್ಕು ಹೊರಟರು.

ಗಿರಾಕಿಗಳು ಅವನ ಅಂಗಡಿಗೆ ಬರುವುದಕ್ಕೆ ಕೈಗುಣ ಒಂದು ಕಾರಣವಾದರೆ, ಬಾಗಿಲ ಮುಂದೆಯೇ ಗಾಡಿ ನಿಲ್ಲಿಸಬಹುದು ಎಂಬುದು ಇನ್ನೊಂದು. ಅಗಲ ರಸ್ತೆಯ ಆ ತುದಿಯಲ್ಲಿ ಗಾಜಿನ ಬಾಗಿಲು, ಎಸಿ, ಹಾಡು ಎಲ್ಲ ಇರುವ ಹೊಸ ಸಲೂನು ಬೇರೆ ತೆರೆದಿತ್ತು. ಹೌದಪ್ಪ ಬಾಗಿಲಲ್ಲಿ ನಿಂತು ಆ ಕಡೆಗೇ ನೋಡಿದ.

ಮರುದಿನ ಟೀಚರಮ್ಮನ ಮನೆಗೆ ಹೋಗಬೇಕಿತ್ತು. ಅವರ ಯಜಮಾನರಿಗೆ ಮಂಡಿ ನೋವು, ಮೆಟ್ಟಿಲಿಳಿಯಲು ಆಗದು. ತಿಂಗಳಿಗೊಮ್ಮೆ ಹೌದಪ್ಪನೇ ಪೆಟ್ಟಿಗೆ ಹಿಡಿದು ಹೋಗಿ, ಬಾಲ್ಕನಿಯಲ್ಲಿ ಕುರ್ಚಿ ಹಾಕಿ ಅವರಿಗೆ ಕಟಿಂಗ್ ಮಾಡುತ್ತಿದ್ದ. ಟೀಚರಮ್ಮ ಪ್ಲಾಸ್ಟರ್ ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಪಕ್ಕದಲ್ಲೇ ಕೂತಿದ್ದರು.

“ಎಡಗೈಯಲ್ಲಿ ಸಹಿ ಮಾಡೋದು ಕಲೀತಿದೀನಿ” ಎಂದರು. “ಎರಡನೇ ಕ್ಲಾಸ್ ಮಗು ಬರೆದ ಹಾಗಿದೆ. ನಾನೇ ಆಗಿದ್ರೆ ಫೇಲ್ ಮಾಡ್ತಿದ್ದೆ.”

“ಆ ಸ್ಕೂಟರ್ ಹುಡುಗ ಅಷ್ಟು ಜೋರಾಗಿ ಬಂದನಾ ಅಮ್ಮ?”

“ಪಾಪ, ಜೋರಾಗಿ ಏನಿರಲಿಲ್ಲ. ಆಸ್ಪತ್ರೆಗೂ ಬಂದು ನೋಡ್ಕೊಂಡು ಹೋದ. ಅವನು ನನ್ನ ನೋಡ್ಲಿಲ್ಲ, ನಾನು ಅವನನ್ನ ನೋಡ್ಲಿಲ್ಲ. ಇಬ್ಬರ ಮಧ್ಯೆ ಆ ಬಿಳೀ ಕಾರು ನಿಂತಿತ್ತಲ್ಲ.”

ಹೌದಪ್ಪನ ಕತ್ತರಿ ಗಾಳಿಯಲ್ಲೇ ನಿಂತಿತು. ಆ ಬಿಳೀ ಕಾರು ಮ್ಯಾನೇಜರದು. ಒಂದು ಕೆನ್ನೆ ನೊರೆ ಇಟ್ಟುಕೊಂಡು ಹಂಪ್ ಬೇಕೆಂದು ಕೂಗಿದಾಗ ಅವರು ನಿಂತದ್ದು ತಮ್ಮ ಕಾರಿನ ಎದುರಲ್ಲೇ. ಅದನ್ನು ಅಲ್ಲಿ ನಿಲ್ಲಿಸುವಾಗ “ಇನ್ನೊಂಚೂರು ಹಿಂದೆ ಬರ್ಲಿ, ಬರ್ಲಿ” ಎಂದು ಕೈ ತೋರಿಸಿದ್ದು ಸ್ವತಃ ಹೌದಪ್ಪ.

ಶನಿವಾರ ಮಧ್ಯಾಹ್ನ ಹೆಂಡತಿಗೆ ರಜೆ. ಅಂಗಡಿಯ ಟವೆಲ್ಲುಗಳನ್ನು ಒಗೆದು ಒಣಗಿಸಿ ಇಬ್ಬರೂ ಎದುರುಬದುರು ಕೂತು ಮಡಚುತ್ತಿದ್ದರು. ಹೌದಪ್ಪ ಎಲ್ಲ ಹೇಳಿಕೊಂಡ.

“ನಿಮಗೇನು ಅನ್ಸುತ್ತೆ?” ಎಂದಳು ಅವಳು.

“ಆ ಹುಡುಗಿ ಹೇಳಿದ್ದೇ ಸರಿ. ಆದ್ರೆ ಸಭೇಲಿ ಹೇಗೆ ಹೇಳ್ಲಿ? ಎಲ್ಲರಿಗೂ ಹೌದು ಅಂದು ಬಿಟ್ಟಿದೀನಿ. ಮ್ಯಾನೇಜರು ಮುಖ ಊದಿಸ್ಕೋತಾರೆ. ಗಿರಾಕಿಗಳೂ ಹೋಗ್ತಾರೆ.”

“ಕೆಲವರು ಹೋಗ್ತಾರೆ. ಹೋಗ್ಲಿ ಬಿಡಿ, ನನ್ನ ಸಂಬಳ ಎಲ್ಲೂ ಹೋಗಲ್ಲ.” ಅವಳು ಒಂದು ಟವೆಲ್ಲನ್ನು ಕೊಡವಿದಳು. “ನೋಡಿ, ಆಗಲ್ಲ ಅನ್ನೋಕೆ ಗಟ್ಟಿ ಗಂಟಲು ಬೇಡ. ಕಾರಣ ಒಂದೇ ಒಂದು ಹೇಳ್ಬೇಕು. ಎರಡು ಹೇಳಿದ್ರೋ, ಅದರಲ್ಲಿ ಸಡಿಲ ಇರೋದನ್ನ ಹಿಡ್ಕೊಂಡು ಜಗ್ಗಿ ಜಗ್ಗಿ ಸಾಯಿಸ್ತಾರೆ. ಹೇಳಿದ ಮೇಲೆ ಸುಮ್ನೆ ಕೂತ್ಬಿಡ್ಬೇಕು. ಅಷ್ಟೇ ವಿದ್ಯೆ. ಎಲ್ಲಿ, ನನಗೆ ಹೇಳಿ ನೋಡೋಣ. ನನಗೊಂದು ಹೊಸ ಫ್ರಿಜ್ ಬೇಕು.”

“ಹೌ…” ಎಂದು ಹೌದಪ್ಪ ನಾಲಿಗೆ ಕಚ್ಚಿಕೊಂಡ.

“ಅಯ್ಯೋ ಕರ್ಮವೇ” ಎಂದು ಅವಳು ಟವೆಲ್ಲಿನಿಂದಲೇ ಅವನಿಗೆ ಒಂದು ಕೊಟ್ಟಳು. ಇಬ್ಬರೂ ನಕ್ಕು ನಕ್ಕು ಸುಸ್ತಾದರು.

ಭಾನುವಾರ ಬೆಳಿಗ್ಗೆ ಶಾಲೆಯ ಹಾಲಿನಲ್ಲಿ ಸಭೆ. ಮಕ್ಕಳ ಬೆಂಚುಗಳಲ್ಲಿ ದೊಡ್ಡವರು ಮಂಡಿ ಮಡಚಿಕೊಂಡು ಹೇಗೋ ತುರುಕಿಕೊಂಡಿದ್ದರು. ಇಂಜಿನಿಯರಮ್ಮ ಕರಿಹಲಗೆಯ ಮೇಲೆ ಚೌಕ ಬರೆದು, ಏನೇನು ಮಾಡಬಹುದು, ಯಾವುದರಿಂದ ಏನಾಗುತ್ತದೆ ಎಂದು ಹೇಳಿ ಕೂತರು. ಆಮೇಲೆ ಶುರುವಾಯಿತು.

ಮ್ಯಾನೇಜರು ಎದ್ದು ಹಂಪಿನ ಪರವಾಗಿ ಚೆನ್ನಾಗಿಯೇ ಮಾತಾಡಿದರು. ಕೊನೆಗೆ, “ಬೇಕಾದ್ರೆ ನಮ್ಮ ಹೌದಪ್ಪನ್ನೇ ಕೇಳಿ, ಅವನದೂ ಇದೇ ಅಭಿಪ್ರಾಯ” ಎಂದರು.

“ಅದ್ಯಾವಾಗ?” ಎಂದು ಟೆಂಪೋದವನು ಮೇಲೆದ್ದ. “ಒನ್ ವೇನೇ ಸರಿ ಅಂತ ನನ್ನ ಹತ್ರ ಬಾಯಿ ಬಿಟ್ಟು ಹೇಳಿದಾನೆ.”

“ಲೇ, ಲೇ, ಸಿಗ್ನಲ್ ಇದ್ರೆ ಚೆನ್ನ ಅಂದಿದ್ದ ನನಗೆ!” ಎಂದ ಕಿರಾಣಿಯವನು.

ಜನ ಮೂವರ ಮುಖವನ್ನೂ ಸರದಿಯಂತೆ ನೋಡಿದರು. ಆಮೇಲೆ ಹಿಂದಿನ ಬೆಂಚಿನಿಂದ ಯಾರೋ ಕಿಸಕ್ಕೆಂದರು, ನಗು ಅಲೆಯಲೆಯಾಗಿ ಮುಂದಿನ ಬೆಂಚಿನವರೆಗೂ ಬಂತು. ಹೌದಪ್ಪನ ಕಿವಿ ಕೆಂಪಾಯಿತು. ಎದ್ದು ನಿಂತ. ಬೆಂಚು ಸಣ್ಣದಾಗಿದ್ದರಿಂದ ಮಂಡಿ ತಗುಲಿ ಪೂರ್ತಿ ನೆಟ್ಟಗೆ ನಿಲ್ಲಲೂ ಆಗಲಿಲ್ಲ.

“ಮೂವರೂ ಹೇಳಿದ್ದು ನಿಜ” ಎಂದ. “ಕತ್ತರಿ ಕೈಲಿದ್ದಾಗ ಎಲ್ಲರಿಗೂ ಹೌದು ಅಂದಿದೀನಿ. ಇವತ್ತು ಕತ್ತರಿ ತಂದಿಲ್ಲ.”

ಮತ್ತೆ ನಗು. ಅದು ನಿಲ್ಲುವವರೆಗೆ ಅವನು ಕಾದ.

“ಹಂಪ್ ಆಗಲ್ಲ ಸಾರ್. ಒನ್ ವೇನೂ ಬೇಡ, ದೀಪನೂ ಬೇಡ. ಮೂಲೇಲಿ ಗಾಡಿ ನಿಲ್ಲಿಸೋದು ನಿಲ್ಲಿಸ್ಬೇಕು. ಯಾಕಂದ್ರೆ ನಮ್ಮ ಚೌಕದಲ್ಲಿ ಯಾರಿಗೂ ಯಾರೂ ಕಾಣಲ್ಲ. ಮೊದಲು ನನ್ನ ಅಂಗಡಿ ಮುಂದೆಯಿಂದಲೇ ಶುರು ಮಾಡಿ.”

ಅಷ್ಟು ಹೇಳಿ ಕೂತುಬಿಟ್ಟ.

ಆಗ ಟೀಚರಮ್ಮ ಪ್ಲಾಸ್ಟರಿನ ಕೈಯನ್ನೇ ಎತ್ತಿ, “ನನಗೂ ಅವತ್ತು ಕಾಣ್ಲಿಲ್ಲ” ಎಂದರು. ಅವರು ಯಾವ ಕಾರು ಎಂದು ಹೇಳಲಿಲ್ಲ, ಹೌದಪ್ಪನೂ ಹೇಳಲಿಲ್ಲ.

ಮ್ಯಾನೇಜರಿಗೆ ತಡೆಯಲಾಗಲಿಲ್ಲ. “ಹಾಗಾದ್ರೆ ಕಟಿಂಗಿಗೆ ಬಂದಾಗ ನಾನು ಕಾರು ಎಲ್ಲಿ ನಿಲ್ಲಿಸ್ಲಯ್ಯ?”

“ನಿಮ್ಮನೇಲೇ ಸಾರ್” ಎಂದ ಹೌದಪ್ಪ ಮೆಲ್ಲಗೆ. “ಆರು ಮನೆ ಆಚೆ ಅಲ್ವಾ ನಿಮ್ಮನೆ.”

ಈ ಸಲ ಹಾಲ್ ಬಿದ್ದು ಬಿದ್ದು ನಕ್ಕಿತು. ಹೌದಪ್ಪ ನಗಿಸಲೆಂದು ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ್ದ ಅಷ್ಟೆ. ಮ್ಯಾನೇಜರು ಮಾತ್ರ ಕೆಂಪಗಾಗಿ ಎದ್ದು ಹೊರಟೇ ಹೋದರು. ಉಳಿದವರು ಇನ್ನೂ ಸಾಕಷ್ಟು ಹೊತ್ತು ಹಗ್ಗಜಗ್ಗಾಟ ಆಡಿ, ಕೊನೆಗೆ ಒಂದು ತಿಂಗಳು ಪರೀಕ್ಷೆ ಮಾಡಿ ನೋಡೋಣ ಎಂಬಲ್ಲಿಗೆ ಬಂದರು. ಕಿರಾಣಿಯವನು ಹೊರಗೆ ಬರುವಾಗ, “ಅಲ್ಲಯ್ಯ, ನಿನಗೆ ಇಲ್ಲ ಅನ್ನೋಕೂ ಬರುತ್ತೆ ಅಂತ ಗೊತ್ತೇ ಇರಲಿಲ್ಲ” ಎಂದ. “ನನಗೂ” ಎಂದ ಹೌದಪ್ಪ.

ನಾಲ್ಕೂ ಮೂಲೆಗೆ ಬಣ್ಣದ ಡ್ರಮ್ಮುಗಳು ಬಂದವು, ಅವುಗಳ ನಡುವೆ ಹಗ್ಗ. ಮೊದಲ ವಾರ ಅಂಗಡಿ ಬಿಕೋ ಎನ್ನುತ್ತಿತ್ತು. ಕೆಲವರು ಗಾಡಿ ನಿಧಾನ ಮಾಡಿ, ಡ್ರಮ್ಮು ನೋಡಿ, ಹೌದಪ್ಪನನ್ನು ನೋಡಿ, ಮುಂದೆ ಗಾಜಿನ ಬಾಗಿಲಿನ ಸಲೂನಿಗೆ ಹೋದರು. ಮ್ಯಾನೇಜರ ಬಿಳೀ ಕಾರು ಅತ್ತ ಹೋದದ್ದನ್ನೂ ಅವನು ಬಾಗಿಲಲ್ಲೇ ನಿಂತು ನೋಡಿದ. ಬೇಜಾರಾಯಿತು. ಆದರೂ ಊಟ ರುಚಿಯಾಗಿಯೇ ಇತ್ತು, ಮಧ್ಯಾಹ್ನ ಬೆಂಚಿನ ಮೇಲೆ ಒರಗಿದರೆ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಅಂಥ ನಿದ್ದೆ ಎಲ್ಲಿಂದ ಬಂತೆಂದು ಅವನಿಗೇ ಸೋಜಿಗ.

ಎಲ್ಲವೂ ಸಲೀಸಾಗಿ ಆಯಿತೆಂದೇನಲ್ಲ. ಕಿರಾಣಿ ಅಂಗಡಿಯ ಮೂಲೆಯಲ್ಲಿ ಡ್ರಮ್ಮು ತೀರಾ ಮುಂದೆ ಇಟ್ಟಿದ್ದರಿಂದ ಮೊಟ್ಟೆ ಟೆಂಪೋ ತಿರುಗಲಾರದೆ ಸಿಕ್ಕಿಕೊಂಡು, ಹಿಂದೆ ಮುಂದೆ ಒದ್ದಾಡಿ, ಒಂದು ಟ್ರೇ ಮೊಟ್ಟೆ ಒಳಗೇ ಒಡೆಯಿತು. ಟೆಂಪೋದವನು ಬೈದ ಬೈಗುಳ ಮೂರು ರಸ್ತೆಗೆ ಕೇಳಿಸಿತು. ಹೌದಪ್ಪ ಇಂಜಿನಿಯರಮ್ಮನಿಗೆ ಫೋನು ಮಾಡಿದ. ಆಕೆ ಬಂದು, ಟೆಂಪೋವನ್ನೇ ಇನ್ನೊಮ್ಮೆ ತಿರುಗಿಸಿ ನೋಡಿ, “ನನ್ನದೇ ತಪ್ಪು, ಅಳತೆ ಬಿಗಿ ಆಯ್ತು” ಎಂದು ಡ್ರಮ್ಮನ್ನು ತಾವೇ ಉರುಳಿಸಿ ಹಿಂದಕ್ಕೆ ಇಟ್ಟರು. ಟೆಂಪೋದವನ ಸಿಟ್ಟು ಅಲ್ಲಿಗೆ ಇಳಿಯಿತು.

ಬ್ರೇಕಿನ ಕೀರಲು ಕೇಳಿ ಎಷ್ಟು ದಿನವಾಯಿತು ಎಂಬುದು ಯಾರ ಗಮನಕ್ಕೂ ಬರಲಿಲ್ಲ. ಇಲ್ಲದ್ದನ್ನು ಯಾರು ಗಮನಿಸುತ್ತಾರೆ? ಆದರೆ ತಿಂಗಳು ಕಳೆದು ಡ್ರಮ್ಮು ತೆಗೆಯಲು ಲಾರಿ ಬಂದಾಗ, ಸಿಗ್ನಲ್ಲೇ ಬೇಕು ಎಂದಿದ್ದ ಕಿರಾಣಿಯವನೇ ಓಡಿ ಬಂದು, “ಅದನ್ನ ಯಾಕ್ರೀ ತೆಗೀತೀರಾ? ಇರ್ಲಿ ಇರ್ಲಿ” ಎಂದು ಅಡ್ಡ ನಿಂತ. ಗಟ್ಟಿ ಫುಟ್‌ಪಾತು ಕಟ್ಟಲೆಂದೇ ತೆಗೆಯುತ್ತಿದ್ದೇವೆ ಎಂದು ಅವನಿಗೆ ತಿಳಿಹೇಳಬೇಕಾಯಿತು.

ಫುಟ್‌ಪಾತಿನ ಸಿಮೆಂಟು ಇನ್ನೂ ಹಸಿಯಿದ್ದ ಒಂದು ಬೆಳಿಗ್ಗೆ ಮ್ಯಾನೇಜರು ನಡೆದುಕೊಂಡು ಬಂದು, ಹಾಸಿದ ಹಲಗೆಯ ಮೇಲೆ ಹುಷಾರಾಗಿ ಹೆಜ್ಜೆಯಿಟ್ಟು, ಕುರ್ಚಿಯಲ್ಲಿ ಕೂತರು. ಹೌದಪ್ಪ ಬಟ್ಟೆ ಕಟ್ಟಿ ಕನ್ನಡಿಯಲ್ಲಿ ನೋಡಿದ. ಒಂದು ಕಡೆಯ ಕೃತಾವು ಕಿವಿಯ ಮೇಲೆ, ಇನ್ನೊಂದು ಕಿವಿಯ ಕೆಳಗೆ. ಹಿಂದೆ ಕುತ್ತಿಗೆಯ ಹತ್ತಿರ ಮೆಟ್ಟಿಲು ಮೆಟ್ಟಿಲು.

“ಯಾರು ಸಾರ್ ಇದು?”

“ಕೇಳ್ಬೇಡ. ಎಸಿ ಇತ್ತು, ಹಾಡು ಇತ್ತು, ತಲೆ ಮಾತ್ರ ಹಿಂಗಾಯ್ತು.”

ಹೌದಪ್ಪ ನಗಲಿಲ್ಲ. ನೀರು ಚಿಮುಕಿಸಿ ಬಾಚಿ, ಎರಡೂ ಕಡೆ ಸಮ ಮಾಡುತ್ತ ಹೋದ. ಮ್ಯಾನೇಜರೇ ಮಾತು ತೆಗೆದರು. “ಟೀಚರ್ ಮನೆಗೆ ಹೋಗಿದ್ದೆ ಮೊನ್ನೆ. ಪ್ಲಾಸ್ಟರ್ ತೆಗೆದಿದಾರೆ. ಕಾರಿನ ವಿಷಯ ನಾನೇ ಹೇಳ್ದೆ. ಅವರಿಗೆ ಮೊದಲೇ ಗೊತ್ತಿತ್ತಂತೆ. ಕಾಫಿ ಕೊಟ್ಟು ಕಳಿಸಿದ್ರು.”

“ಒಳ್ಳೇದಾಯ್ತು ಸಾರ್.”

“ಆದ್ರೂ ಹಂಪೇ ಸರಿಯಾಗಿತ್ತು. ಈಗಲೂ ಹೇಳ್ತೀನಿ.”

“ಸ್ವಲ್ಪ ತಲೆ ಬಗ್ಸಿ ಸಾರ್” ಎಂದ ಹೌದಪ್ಪ.

ಈಗ ಆ ಮೂಲೆಗಳು ಪೂರ್ತಿ ಕಟ್ಟಿ ಮುಗಿದಿವೆ. ಗಿಡ್ಡ ಕಂಬಗಳಿಗೆ ಹಳದಿ ಬಣ್ಣ. ಹೋದ ಗಿರಾಕಿಗಳಲ್ಲಿ ಕೆಲವರು ಬಂದಿದ್ದಾರೆ, ಕೆಲವರು ಬಂದಿಲ್ಲ. ನಡೆದು ಬರುವವರು ಮೊದಲಿಗಿಂತ ಹೆಚ್ಚು. ಅಂಗಡಿ ಮುಂದೆ ಅಗಲವಾದ ಜಾಗದಲ್ಲಿ ಕಾಯುವ ಬೆಂಚನ್ನು ಅವನು ಹೊರಗೆ ಹಾಕಿಕೊಂಡಿದ್ದಾನೆ. ಕುರ್ಚಿಯಲ್ಲಿ ಕೂತವರಿಗೆ ಅವನು ಈಗಲೂ ಹೌದು ಎನ್ನುತ್ತಾನೆ, ಆ ಅಭ್ಯಾಸ ಹೋಗುವಂಥದ್ದಲ್ಲ. ಆದರೆ ಯಾರಾದರೂ ಬಡಾವಣೆಯ ವಿಷಯ ತೆಗೆದು ಒಪ್ಪಿಗೆ ಕೇಳಿದರೆ, ಕತ್ತರಿಯನ್ನು ಮೇಜಿನ ಮೇಲೆ ಇಟ್ಟು ಮಾತಾಡುತ್ತಾನೆ. ಗಿರಾಕಿಗಳಿಗೂ ಅದು ಗೊತ್ತಾಗಿದೆ. “ಕತ್ತರಿ ಇಟ್ಟ, ಹುಷಾರು” ಎಂದು ಕಾಯುವವರು ಒಬ್ಬರಿಗೊಬ್ಬರು ಕಣ್ಣು ಮಿಟುಕಿಸುತ್ತಾರೆ.

ಸಂಜೆ ಕೆಲಸ ಕಡಿಮೆಯಾದಾಗ ಅವನು ಆ ಬೆಂಚಿಗೆ ಬಂದು ಕೂರುತ್ತಾನೆ. ಅಲ್ಲಿಂದ ಅಗಲ ರಸ್ತೆಯ ತುದಿಯ ಬಸ್ ಸ್ಟಾಪಿನವರೆಗೂ ಕಾಣುತ್ತದೆ. ಹೆಂಡತಿ ಬಸ್ಸಿಳಿದು, ಚೀಲವನ್ನು ಒಂದು ಭುಜದಿಂದ ಇನ್ನೊಂದಕ್ಕೆ ಬದಲಾಯಿಸಿ, ದಾರಿಯಲ್ಲಿ ಯಾರದೋ ಮಾತಿಗೆ ನಿಂತು, ಮತ್ತೆ ಹೊರಡುವುದನ್ನು ನೋಡುತ್ತ ಅವನು ಟೀ ಅಂಗಡಿಯ ಕಡೆ ಎರಡು ಬೆರಳು ಎತ್ತುತ್ತಾನೆ. ಅವಳು ಕಂಬದ ಹತ್ತಿರ ಬರುವಷ್ಟರಲ್ಲಿ ಟೀ ಬಂದಿರುತ್ತದೆ, ಬಿಸಿಬಿಸಿಯಾಗಿ.